ಕಂಪ್ಯೂಟರ್ ‘ಹಸನ್ನು’ ಅಂದಾಗ: ಕನ್ನಡ ಪಾಠದೊಳಗೆ ಪ್ರೋಗ್ರಾಮಿಂಗ್

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಶಿಕ್ಷಕಿ. ಎಲ್ಲ ವಿಷಯಗಳಲ್ಲೂ ಕಂಪ್ಯೂಟೇಷನಲ್ ಥಿಂಕಿಂಗ್ (ಕಂಪ್ಯೂಟರಿಗೆ ಹೇಳಿಕೊಡುವಂತೆ ಹಂತ ಹಂತವಾಗಿ ಯೋಚಿಸುವುದು) ಬರಬೇಕು, ಸಾಧ್ಯವಾದರೆ ಸ್ವಲ್ಪ ಪ್ರೋಗ್ರಾಮಿಂಗೂ ಇರಲಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಗಣಿತ, ವಿಜ್ಞಾನದವರಿಗೆ ಸರಿ. ಭಾಷೆ ಪಾಠದಲ್ಲಿ ಇದಕ್ಕೇನು ಕೆಲಸ? ನನಗೆ ಕೋಡಿಂಗ್ ಬರುವುದಿಲ್ಲ, ಲ್ಯಾಬಿನಲ್ಲಿ ಕಂಪ್ಯೂಟರುಗಳೂ ಕಡಿಮೆ. ಇದನ್ನೆಲ್ಲ ತುರುಕಿದರೆ ಪದ್ಯ ಹೋಗಿ ಪ್ರೋಗ್ರಾಮ್ ಮಾತ್ರ ಉಳಿಯುತ್ತದೆ ಅನ್ನುವ ಭಯ ನನಗೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಭಾಷೆ ಮತ್ತು ಕಂಪ್ಯೂಟರ್ ಸೇರಿಸುತ್ತೇವೆ ಅಂತ ನಡೆಯುವ ಪಾಠಗಳಲ್ಲಿ ಅರ್ಧಕ್ಕರ್ಧ ತೋರಿಕೆಯವೇ. ಕಥೆಯ ಪಾತ್ರಗಳನ್ನು ಸ್ಕ್ರ್ಯಾಚ್ ಅನ್ನುವ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕುಣಿಸುತ್ತಾರೆ. ಮಕ್ಕಳು ಪೀರಿಯಡ್ ಪೂರ್ತಿ ಅಂಗಿಯ ಬಣ್ಣ ಬದಲಿಸುತ್ತಾ ಕೂರುತ್ತಾರೆ. ಇಲ್ಲವೇ ಪದ್ಯಕ್ಕೆ ಒಂದು ಫ್ಲೋಚಾರ್ಟ್ ಬರೆಸುತ್ತಾರೆ: ‘ಕವಿಗೆ ದುಃಖವಾಯಿತೇ? ಹೌದು / ಇಲ್ಲ.’ ಇದರಿಂದ ಪದ್ಯಕ್ಕೂ ಲಾಭವಿಲ್ಲ, ಪ್ರೋಗ್ರಾಮಿಂಗಿಗೂ ಇಲ್ಲ. ಇವೆರಡನ್ನೂ ಮೊದಲೇ ಬಿಟ್ಟುಬಿಡಿ.

ನಾನು ಹೇಳುವುದು ಒಂದೇ ಕೆಲಸ. ಭಾಷೆಯ ಬಗ್ಗೆ ಮಕ್ಕಳಿಗೆ ಈಗಾಗಲೇ ಗೊತ್ತಿರುವುದನ್ನು ನಿಯಮವಾಗಿ ಬರೆಸಿ. ಕನ್ನಡವೇ ಬಾರದವರೂ ಆ ನಿಯಮ ನೋಡಿಕೊಂಡು ಕೆಲಸ ಮಾಡುವಂತಿರಬೇಕು. ಆಮೇಲೆ ಆ ನಿಯಮ ಎಲ್ಲಿ ಮುರಿಯುತ್ತದೆ ಅಂತ ಹುಡುಕಿಸಿ. ಮುರಿದ ಜಾಗದಲ್ಲಿ ಒಳ್ಳೆಯ ವ್ಯಾಕರಣ ಪಾಠ ಸಿಗುತ್ತದೆ. ಕಂಪ್ಯೂಟರಿನ ಉಪಯೋಗ ಏನಪ್ಪಾ ಅಂದರೆ, ಅದು ಒಂಚೂರೂ ಊಹೆ ಮಾಡುವುದಿಲ್ಲ. ನಾವು ಹೇಳಿದ್ದಷ್ಟನ್ನೇ ಮಾಡಿ, ನಮ್ಮ ತಪ್ಪನ್ನು ಮುಖಕ್ಕೆ ಹಿಡಿಯುತ್ತದೆ.

ದ್ವಿತೀಯಾ ವಿಭಕ್ತಿಯಿಂದ ಶುರು ಮಾಡಿ. ಉಕಾರದಲ್ಲಿ ಕೊನೆಯಾಗುವ ಪದಗಳಿಗೆ ‘ಅನ್ನು’ ಸೇರಿಸಬೇಕು, ಅಷ್ಟೇ. ಮಾತು, ಊರು, ಕಾಡು, ಹಾಡು ಅಂತ ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳು ಒಂದೇ ಉಸಿರಿಗೆ ಮಾತನ್ನು, ಊರನ್ನು, ಕಾಡನ್ನು, ಹಾಡನ್ನು ಅನ್ನುತ್ತಾರೆ. ಈಗ ನಿಯಮ ಕೇಳಿ. ‘ಕೊನೆಯ ಉ ಹೋಗುತ್ತೆ, ಅನ್ನು ಬರುತ್ತೆ’ ಅಂತ ಯಾರಾದರೂ ಹೇಳುತ್ತಾರೆ. ಲೋಪಸಂಧಿ, ಸರಿಯಾಗಿದೆ. ಅದನ್ನೇ ಬೋರ್ಡಿನ ಮೇಲೆ ಬರೆಸಿ.

ಇನ್ನು ಒಬ್ಬ ಹುಡುಗನನ್ನು ಎದ್ದು ನಿಲ್ಲಿಸಿ. ಇವತ್ತು ಅವನೇ ಕಂಪ್ಯೂಟರ್. ಬೋರ್ಡಿನ ಮೇಲೆ ಇರುವುದನ್ನು ಬಿಟ್ಟು ಬೇರೇನೂ ಅವನಿಗೆ ಗೊತ್ತಿಲ್ಲ, ಕನ್ನಡ ಗೊತ್ತೇ ಇಲ್ಲ. ಅವನಿಗೆ ‘ಹಸು’ ಕೊಡಿ. ಅವನು ‘ಹಸನ್ನು’ ಅನ್ನಬೇಕಾಗುತ್ತದೆ. ಕ್ಲಾಸ್ ನಗುತ್ತದೆ. ‘ಮಗು’ ಕೊಡಿ, ‘ಮಗನ್ನು’. ‘ಗುರು’ ಕೊಡಿ, ‘ಗುರನ್ನು’. ಈ ಪದಗಳನ್ನು ಮಾತಿನಲ್ಲಿ ಯಾವ ಮಗುವೂ ತಪ್ಪುವುದಿಲ್ಲ. ಹಸುವನ್ನು, ಮಗುವನ್ನು, ಗುರುವನ್ನು ಅಂತಲೇ ಹೇಳುತ್ತದೆ. ಹಾಗಾದರೆ ನಾಲಿಗೆಗೆ ಗೊತ್ತಿರುವ ಯಾವುದೋ ಒಂದು ವಿಷಯ ಬೋರ್ಡಿನ ಮೇಲೆ ಬಂದಿಲ್ಲ, ಅಲ್ವಾ? ಅದೇನು ಅಂತ ಹುಡುಕುವುದು ಆ ಪೀರಿಯಡ್ಡಿನ ಕೆಲಸ.

ಇಲ್ಲಿ ಅವಸರ ಮಾಡಬೇಡಿ, ಉತ್ತರ ಹೇಳಲೂ ಬೇಡಿ. ಎರಡು ಪಟ್ಟಿ ಮಾಡಿಸಿ. ಉ ಬಿದ್ದುಹೋಗುವ ಪದಗಳು ಒಂದು ಕಡೆ: ಮಾತು, ನೀರು, ಕಲ್ಲು, ಮುಳ್ಳು, ಹೆಸರು, ಕೊಳಲು. ಉ ಉಳಿದು ವಕಾರ ಬರುವ ಪದಗಳು ಇನ್ನೊಂದು ಕಡೆ: ಹಸು, ಕರು, ಮಗು, ನಗು, ಗುರು. ‘ಪ್ರಾಣಿ, ಮನುಷ್ಯರಿಗೆ ವಕಾರ ಬರುತ್ತೆ’ ಅಂತ ಒಬ್ಬಳು ಹೇಳಬಹುದು. ಪರೀಕ್ಷೆ ಮಾಡಿ. ನಗು ಪ್ರಾಣಿಯೂ ಅಲ್ಲ, ಮನುಷ್ಯನೂ ಅಲ್ಲ. ನಿಯಮ ಬಿತ್ತು. ‘ಚಿಕ್ಕ ಪದಗಳಿಗೆ’ ಅಂತ ಇನ್ನೊಬ್ಬ. ಮಾತು ಕೂಡ ಎರಡೇ ಅಕ್ಷರ. ಇದೂ ಬಿತ್ತು. ‘ಮೊದಲ ಅಕ್ಷರ ಹ್ರಸ್ವ ಇದ್ದರೆ’ ಅಂದರೆ ಕಲ್ಲು ಅಡ್ಡ ಬರುತ್ತದೆ. ಕೊನೆಗೆ ಛಂದಸ್ಸು ನೆನಪಿರುವ ಯಾರಿಗಾದರೂ ಹೊಳೆಯುತ್ತದೆ: ಕಲ್ಲು ಪದದಲ್ಲಿ ಒತ್ತಕ್ಷರದ ಹಿಂದಿನ ‘ಕ’ ಎರಡು ಮಾತ್ರೆಯ ಗುರು ತಾನೇ, ಒಂದು ಮಾತ್ರೆಯ ಲಘು ಅಲ್ಲ! ಆಗ ನಿಯಮ ಹೀಗಾಗುತ್ತದೆ:

ಪದದ ಕೊನೆಯಲ್ಲಿ ಉ ಇದ್ದರೆ,
ಪದದಲ್ಲಿ ಎರಡೇ ಅಕ್ಷರ ಇದ್ದು, ಎರಡೂ ಲಘುವಾಗಿದ್ದರೆ: ಉ ಉಳಿಸು, ‘ವನ್ನು’ ಸೇರಿಸು.
ಇಲ್ಲದಿದ್ದರೆ: ಉ ತೆಗೆ, ‘ಅನ್ನು’ ಸೇರಿಸು.

(ಗುರು ಅನ್ನುವ ಪದದಲ್ಲಿ ಎರಡಕ್ಕೆ ಎರಡೂ ಲಘು ಅಂತ ಯಾರಾದರೂ ಗಮನಿಸಿದರೆ ಕ್ಲಾಸಿನಲ್ಲಿ ಮತ್ತೊಂದು ಸುತ್ತು ನಗು ಗ್ಯಾರಂಟಿ.)

ಈ ನಿಯಮ ಬಹಳ ದೂರ ಹೋಗುತ್ತದೆ. ಹೊರಗಿನಿಂದ ಬಂದ ಬಸ್ಸು, ಕಾರು, ಪೆನ್ನು ಕೂಡ ಇದಕ್ಕೆ ತಲೆಬಾಗುತ್ತವೆ: ಬಸ್ಸನ್ನು, ಕಾರನ್ನು, ಪೆನ್ನನ್ನು. ಆದರೆ ಹುಡುಗನಿಗೆ ‘ವಾಯು’ ಕೊಟ್ಟು ನೋಡಿ, ‘ವಾಯನ್ನು’ ಅನ್ನುತ್ತಾನೆ. ವಸ್ತು, ಶತ್ರು, ಸಾಧು ಕೊಟ್ಟರೂ ಇದೇ ಗತಿ. ಸಂಸ್ಕೃತದಿಂದ ಬಂದ ಇಂಥ ಪದಗಳು ತಮ್ಮ ಉಕಾರ ಬಿಟ್ಟುಕೊಡುವುದಿಲ್ಲ. ಇನ್ನೊಂದು ತುದಿಯಲ್ಲಿ ‘ಅದು’, ‘ಇದು’ ಇವೆ. ಎರಡೂ ಲಘುವೇ, ಆದರೂ ಅದನ್ನು, ಇದನ್ನು ಆಗುತ್ತವೆ. ಈಗ ಮಕ್ಕಳಿಗೆ ಒಂದು ಅಪವಾದದ ಪಟ್ಟಿ ಬೇಕಾಗುತ್ತದೆ. ಆ ಪಟ್ಟಿಯನ್ನು ನಿಯಮಕ್ಕಿಂತ ಮೊದಲು ನೋಡಬೇಕೋ, ಆಮೇಲೋ? ಆಮೇಲೆ ಅಂದರೆ ಅಷ್ಟರಲ್ಲಿ ‘ವಾಯನ್ನು’ ಹೊರಗೆ ಬಂದಾಗಿರುತ್ತದೆ. ಪ್ರೋಗ್ರಾಮರುಗಳು ದಿನಾ ತಲೆಕೆಡಿಸಿಕೊಳ್ಳುವ ಪ್ರಶ್ನೆ ಇದು. ಪಾಣಿನಿ ಸುಮಾರು 4,000 ಸೂತ್ರಗಳಲ್ಲಿ ಸಂಸ್ಕೃತವನ್ನು ಕಟ್ಟಿದಾಗಲೂ ಯಾವ ಸೂತ್ರಕ್ಕೆ ಯಾವುದು ಮಣಿಯಬೇಕು ಅನ್ನುವುದು ದೊಡ್ಡ ಪ್ರಶ್ನೆಯಾಗಿತ್ತು. ಉತ್ಸರ್ಗ (ಸಾಮಾನ್ಯ ನಿಯಮ), ಅಪವಾದ ಅಂತ ನೀವು ಓದಿರುತ್ತೀರಿ. ಮಕ್ಕಳಿಗೆ ಆ ಹೆಸರುಗಳು ಬೇಡ, ಅನುಭವ ಸಾಕು.

ಒಂದು ಪೀರಿಯಡ್ ಉಳಿದರೆ ಅಕಾರದಲ್ಲಿ ಕೊನೆಯಾಗುವ ಪದಗಳಿಗೆ ಬನ್ನಿ. ಮರವನ್ನು, ಆದರೆ ಅಣ್ಣನನ್ನು. ಇಲ್ಲಿ ಎಷ್ಟು ಅಕ್ಷರ ಎಣಿಸಿದರೂ ಪ್ರಯೋಜನವಿಲ್ಲ, ಪದದ ಅರ್ಥ ಗೊತ್ತಿರಬೇಕು. ಕಂಪ್ಯೂಟರಿಗೆ ಅರ್ಥ ಗೊತ್ತಿಲ್ಲ, ಆದ್ದರಿಂದ ಪ್ರತಿ ಪದಕ್ಕೂ ಒಂದು ಗುರುತು ಹಚ್ಚಬೇಕು. ಆಗ ಸೂರ್ಯನಿಗೆ ಯಾವ ಗುರುತು? ‘ಸೂರ್ಯವನ್ನು’ ಅನ್ನುವುದಿಲ್ಲ, ‘ಸೂರ್ಯನನ್ನು’ ಅನ್ನುತ್ತೇವೆ. ಕನ್ನಡ ಸೂರ್ಯ ಚಂದ್ರರನ್ನು ಗಂಡಸರ ಸಾಲಿನಲ್ಲಿ ಕೂರಿಸಿದೆ ಅಂತ ಮಕ್ಕಳಿಗೆ ತಾವಾಗಿಯೇ ಗೊತ್ತಾಗುತ್ತದೆ. ಲಿಂಗದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಶುರು ಮಾಡುವ ದಾರಿ ನನಗೆ ಕಂಡಿಲ್ಲ.

ಇಷ್ಟು ಹೊತ್ತೂ ಕಂಪ್ಯೂಟರ್ ಆನ್ ಮಾಡಿಲ್ಲ, ಗಮನಿಸಿದಿರಾ? ನಿಮ್ಮ ಶಾಲೆಯವರು ಕೇಳುವ ಕಂಪ್ಯೂಟೇಷನಲ್ ಥಿಂಕಿಂಗ್ ಇದೇ. ಮಕ್ಕಳ ಕಲಿಕೆಗೆ ಕಂಪ್ಯೂಟರ್ ತಂದ ಗಣಿತಜ್ಞ ಸೇಮೂರ್ ಪೇಪರ್ಟ್ 1980ರಲ್ಲೇ ಈ ಮಾತು ಬಳಸಿದ್ದರು, 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಬರೆದ ಪುಟ್ಟ ಲೇಖನದಿಂದ ಅದು ಶಾಲೆಗಳ ತನಕ ಬಂತು. ದೊಡ್ಡ ಸಮಸ್ಯೆಯನ್ನು ಒಡೆಯುವುದು, ಒಂದೇ ಥರ ಇರುವುದನ್ನು ಗುರುತಿಸುವುದು, ಬೇಡದ್ದನ್ನು ಬದಿಗಿಡುವುದು, ಹಂತಗಳನ್ನು ಬರೆಯುವುದು ಅಂತ ಅದನ್ನು ನಾಲ್ಕು ತುಂಡು ಮಾಡಿ ಚಾರ್ಟ್ ಹಾಕುವ ಪದ್ಧತಿ ಇದೆ. ಚಾರ್ಟ್ ಗೋಡೆ ಮೇಲೆ ಇರಲಿ, ಪಾಠದಲ್ಲಿ ಬೇಡ.

ಇನ್ನು ಕಂಪ್ಯೂಟರಿಗೆ ಬರೋಣ. ಮೇಲಿನ ನಿಯಮವನ್ನು ಸ್ಕ್ರ್ಯಾಚ್‌ನಲ್ಲಿ ಹಾಕಿದರೆ ಮಕ್ಕಳಿಗೆ ಮೊದಲು ಸಿಗುವ ಉತ್ತರ ‘ಮಾತಅನ್ನು’. ಏನಿದು? ‘ಮಾತು’ ಪದದ ಕೊಂಬು ತೆಗೆದರೆ ‘ಮಾತ’ ಉಳಿಯುತ್ತದೆ, ‘ಮಾತ್’ ಅಲ್ಲ. ತಕಾರದೊಳಗೆ ಒಂದು ಅ ಆಗಲೇ ಅಡಗಿ ಕೂತಿದೆ. ಅದಕ್ಕೆ ಇನ್ನೊಂದು ಅ ತಂದು ಅಂಟಿಸಿದ್ದರಿಂದ ಹೀಗಾಯಿತು. ‘ನ್ನು’ ಮಾತ್ರ ಸೇರಿಸಿದರೆ ಸರಿಹೋಗುತ್ತದೆ. ತ್ + ಅ = ತ ಅಂತ ಪ್ರೈಮರಿಯಿಂದ ಉರು ಹೊಡೆದಿದ್ದರೂ, ಅದಕ್ಕೊಂದು ಕೆಲಸ ಇದೆ ಅಂತ ಎಷ್ಟೋ ಮಕ್ಕಳಿಗೆ ಹೊಳೆಯುವುದು ಇಂಥ ಕಡೆ.

ಇದರ ಹಿಂದಿರುವ ಸಂಗತಿ ನಿಮಗೂ ಗೊತ್ತಿರಲಿ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಗುಣಿತಾಕ್ಷರ ಒಂದೇ ತುಂಡಲ್ಲ. ವ್ಯಂಜನಕ್ಕೆ ಒಂದು ಸಂಕೇತ, ಸ್ವರಚಿಹ್ನೆಗೆ ಇನ್ನೊಂದು. ಒತ್ತಕ್ಷರವಾದರೆ ನಡುವೆ ಅರ್ಧಾಕ್ಷರದ ಚಿಹ್ನೆ ಬೇರೆ. ‘ಕನ್ನಡ’ ನಮಗೆ ಮೂರು ಅಕ್ಷರ, ಕಂಪ್ಯೂಟರಿಗೆ ಐದು. ‘ಕವಿತೆ’ ಕೂಡ ನಮಗೆ ಮೂರು, ಅದಕ್ಕೆ ಐದು.

ಇದನ್ನು ಆಟ ಮಾಡಿ. ‘ವಿಕಟಕವಿ’ ಹಿಂದು ಮುಂದಾಗಿ ಓದಿದರೂ ಒಂದೇ ಅಂತ ಎಲ್ಲರಿಗೂ ಗೊತ್ತು. ಪದವನ್ನು ತಿರುಗಿಸಿ, ಮೂಲದ ಜೊತೆ ಹೋಲಿಸುವ ಪ್ರೋಗ್ರಾಮ್ ಬರೆಯುವುದು ಸುಲಭ, ಕೆಲವೇ ಸಾಲು. ಓಡಿಸಿದರೆ ಕಂಪ್ಯೂಟರ್ ‘ಒಂದೇ ಅಲ್ಲ’ ಅನ್ನುತ್ತದೆ! ಯಾಕೆ ಅಂದರೆ ಅದು ನೋಡಿದ್ದು ಏಳು ತುಂಡು: ವ, ಗುಡಿಸು, ಕ, ಟ, ಕ, ವ, ಗುಡಿಸು. ತಿರುಗಿಸಿದಾಗ ಗುಡಿಸೇ ಮೊದಲು ಬಂತು. ಪದ ಶುರುವಾಗುವುದು ಗುಡಿಸಿನಿಂದಲ್ಲ ಅಂತ ಅದಕ್ಕೆ ಯಾರೂ ಹೇಳಿಲ್ಲ. ಸರಿಪಡಿಸುವುದು ಹೇಗೆ ಅಂತ ಮಕ್ಕಳೇ ಹೇಳಲಿ: ತಿರುಗಿಸುವ ಮೊದಲು ಸ್ವರಚಿಹ್ನೆಯನ್ನು ಹಿಂದಿನ ವ್ಯಂಜನಕ್ಕೆ ಅಂಟಿಸಬೇಕು. ಅನುಸ್ವಾರ, ವಿಸರ್ಗವನ್ನೂ ಅಂಟಿಸಬೇಕು. ಅರ್ಧಾಕ್ಷರದ ಚಿಹ್ನೆ ಬಂದರೆ ಅದನ್ನೂ, ಅದರ ಮುಂದಿನ ವ್ಯಂಜನವನ್ನೂ ಅಂಟಿಸಬೇಕು. ಇಷ್ಟು ಹೇಳಿಕೊಟ್ಟರೆ ವಿಕಟಕವಿ ಪಾಸು. ‘ಕುಬೇರನಿಗೇನಿರಬೇಕು’ ಕೂಡ ಪಾಸು. ಅಕ್ಷರ ಅಂದರೆ ಏನು ಅನ್ನುವ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಬರೆದಂತಾಯಿತು.

ಛಂದಸ್ಸಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ರಸ್ತಾರ ಹಾಕುವುದು, ಅಂದರೆ ಅಕ್ಷರಗಳಿಗೆ ಲಘು ಗುರು ಗುರುತು ಹಾಕುವುದು, ಹುಟ್ಟಾ ಪ್ರೋಗ್ರಾಮೇ. ದೀರ್ಘವೇ, ಗುರು. ಅನುಸ್ವಾರ, ವಿಸರ್ಗ ಇದೆಯೇ, ಗುರು. ಮುಂದಿನದು ಒತ್ತಕ್ಷರವೇ, ಗುರು. ಮುಂದೆ ಬರೀ ವ್ಯಂಜನ ಇದೆಯೇ, ಗುರು. ಇಲ್ಲದಿದ್ದರೆ ಲಘು. ಮಕ್ಕಳು ‘ಅಮ್ಮ’ ಪದದಲ್ಲಿ ಗುರು ಚಿಹ್ನೆಯನ್ನು ‘ಮ್ಮ’ ಮೇಲೆ ಹಾಕುತ್ತಾರೆ, ನೋಡಲು ಅದೇ ಭಾರವಾಗಿ ಕಾಣುತ್ತದಲ್ಲ. ಪ್ರತಿ ಅಕ್ಷರದ ಹತ್ತಿರ ನಿಂತು ಮುಂದಿನದನ್ನು ಇಣುಕಿ ನೋಡಬೇಕು ಅಂತ ನಿಯಮದಲ್ಲಿ ಬರೆದವರು ಆ ತಪ್ಪು ಮಾಡುವುದಿಲ್ಲ. ಸಾಲಿನ ಕೊನೆಯ ಅಕ್ಷರಕ್ಕೆ ಬಂದಾಗ ಇಣುಕಲು ಮುಂದೆ ಏನೂ ಇಲ್ಲದೆ ಪ್ರೋಗ್ರಾಮ್ ತಪ್ಪು ತೋರಿಸಿ ನಿಂತರೆ ಒಳ್ಳೆಯದೇ. ಷಟ್ಪದಿಯ ಮೂರನೇ ಮತ್ತು ಆರನೇ ಸಾಲಿನ ಕೊನೆಯ ಅಕ್ಷರವನ್ನು ಗುರು ಅಂತಲೇ ಎಣಿಸುವ ನಿಯಮ ಹೇಳಲು ಸರಿಯಾದ ಸಮಯ ಅದು. ಶಿಥಿಲದ್ವಿತ್ವ (ಮುಂದೆ ಒತ್ತಕ್ಷರ ಇದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದು) ಮಾತ್ರ ಆಮೇಲೆ ನೋಡಿಕೊಳ್ಳಿ, ಅದು ದೊಡ್ಡವರಿಗೂ ಕಷ್ಟ.

ಗಣಿತದ ಮೇಷ್ಟ್ರನ್ನು ಕ್ಲಾಸಿಗೆ ಕರೆಯಬೇಕಿದ್ದರೆ ಇಲ್ಲಿ ಕರೆಯಿರಿ. ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ ಎಷ್ಟು ಥರ ಮಾಡಬಹುದು? ಮೂರು. ನಾಲ್ಕು ಮಾತ್ರೆಗೆ? ಐದು. ಐದಕ್ಕೆ? ಎಂಟು. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಇಟಲಿಯ ಗಣಿತಜ್ಞ ಫಿಬೊನಾಚಿ ಈ ಸಂಖ್ಯೆಗಳನ್ನು 1202ರಲ್ಲಿ ಬರೆದ. ಮಾತ್ರೆ ಎಣಿಸುತ್ತಾ ಕೂತಿದ್ದ ಜೈನ ವಿದ್ವಾಂಸ ಹೇಮಚಂದ್ರ 12ನೇ ಶತಮಾನದಲ್ಲೇ ಇದನ್ನು ಹೇಳಿದ್ದ. ‘ಯಮಾತಾರಾಜಭಾನಸಲಗಂ’ ಸೂತ್ರವನ್ನೂ ಬಿಡಬೇಡಿ. ಮೂರಕ್ಷರದ ಎಂಟು ಗಣಗಳ ಇಡೀ ಕೋಷ್ಟಕ ಹತ್ತು ಅಕ್ಷರದಲ್ಲಿ ಅಡಗಿದೆ, ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಶುರು ಮಾಡಿ ಮೂರು ತೆಗೆದುಕೊಂಡರೂ ಆ ಹೆಸರಿನ ಗಣ ಸಿಗುತ್ತದೆ. ಇಷ್ಟು ಚೆನ್ನಾಗಿ ಮಾಹಿತಿ ಮಡಚಿಡುವುದು ಇವತ್ತಿನ ಪ್ರೋಗ್ರಾಮರಿಗೂ ಸುಲಭವಲ್ಲ.

ಚಿಕ್ಕ ತರಗತಿಗೆ ವಾಕ್ಯ ಮಾಡುವ ಯಂತ್ರ ಚೆನ್ನಾಗಿರುತ್ತದೆ. ಚೀಟಿಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಬರೆದು ಮೂರು ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ಒಂದೊಂದು ತೆಗೆಸಿ. ‘ಅಜ್ಜಿ ಪತ್ರವನ್ನು ಓದಿದನು’ ಅಂತ ಬರುತ್ತದೆ. ಸರಿಯಾಗಬೇಕಾದರೆ ಕರ್ತೃವಿನ ಚೀಟಿಯ ಮೇಲೆ ಲಿಂಗ, ವಚನ ಬರೆದಿರಬೇಕು, ಕ್ರಿಯಾಪದ ಅದನ್ನು ನೋಡಿ ರೂಪ ಬದಲಿಸಬೇಕು. ಅದು ಸರಿಯಾದ ಮೇಲೂ ‘ಕಲ್ಲು ಪತ್ರವನ್ನು ಓದಿತು’ ಅಂತ ಬಂದಾಗ ಇದು ತಪ್ಪೋ ಪದ್ಯವೋ ಅಂತ ಜಗಳ ಹತ್ತುತ್ತದೆ. ಹತ್ತಲಿ ಬಿಡಿ. 1952ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ ಇದೇ ಉಪಾಯದಿಂದ ಕಂಪ್ಯೂಟರಿನ ಕೈಲಿ ಪ್ರೇಮಪತ್ರ ಬರೆಸಿದ್ದ. ಪೇಪರ್ಟ್ ಒಬ್ಬ ಶಾಲಾ ಹುಡುಗಿಯ ವಿಷಯ ಬರೆದಿದ್ದಾರೆ. ಕಂಪ್ಯೂಟರಿನಿಂದ ಕವಿತೆ ಬರೆಸಲು ಪದಗಳನ್ನು ಬೇರೆ ಬೇರೆ ಗುಂಪು ಮಾಡುವಾಗ, ನಾಮಪದ ಕ್ರಿಯಾಪದ ಅಂತ ಯಾಕೆ ಇವೆ ಅನ್ನುವುದು ಅವಳಿಗೆ ಮೊದಲ ಸಲ ಅರ್ಥವಾಯಿತಂತೆ. ಅದಕ್ಕೆ ಮೊದಲು ವ್ಯಾಕರಣ ಅವಳಿಗೆ ಬರೀ ಹೆಸರುಗಳ ಪಟ್ಟಿಯಾಗಿತ್ತು.

ಪದ ಎಣಿಸುವ ಪ್ರೋಗ್ರಾಮ್ ಬರೆಸಿ ಅಂತ ನಿಮಗೆ ಖಂಡಿತ ಯಾರಾದರೂ ಹೇಳುತ್ತಾರೆ. ಬರೆಸಿ, ಆದರೆ ಕನ್ನಡದಲ್ಲಿ ಅದು ತಕ್ಷಣ ಎಡವುತ್ತದೆ ಅಂತ ಗೊತ್ತಿರಲಿ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಅದಕ್ಕೆ ನಾಲ್ಕು ಬೇರೆ ಪದಗಳು. ‘ಕೊನೆಯ ಗೆ ತೆಗೆದುಬಿಡೋಣ’ ಅಂತ ಮಕ್ಕಳು ಹೊರಟರೆ ಮಲ್ಲಿಗೆ ಹೋಗಿ ಮಲ್ಲಿ ಆಗುತ್ತದೆ, ಕೊಡುಗೆ ಹೋಗಿ ಕೊಡು ಆಗುತ್ತದೆ. ಯಾವುದು ಪ್ರತ್ಯಯ, ಯಾವುದು ಪದದ್ದೇ ಭಾಗ? ಇಲ್ಲೂ ಎಡವಿದ ಜಾಗದಲ್ಲೇ ನಿಮ್ಮ ಪಾಠ ಇದೆ. ಎಣಿಕೆಗಿಂತ ಅದೇ ಮುಖ್ಯ.

ಈಗ ಪದ್ಯದ ಭಯದ ಬಗ್ಗೆ. ಎಲ್ಲ ಪಾಠಕ್ಕೂ ಇದು ಹೊಂದುವುದಿಲ್ಲ, ಹೊಂದಿಸಲು ಹೋಗಬೇಡಿ. ಒಂದು ಪದ್ಯ ಓದಿ ಕ್ಲಾಸ್ ಸುಮ್ಮನಾಯಿತು ಅಂದರೆ ಅಲ್ಲಿಗೆ ಯಾವ ನಿಯಮವನ್ನೂ ತರಬೇಡಿ. ವರ್ಷಕ್ಕೆ ನಾಲ್ಕೈದು ಪಾಠದಲ್ಲಿ ಚೆನ್ನಾಗಿ ಮಾಡಿದರೆ ಸಾಕು: ಸಂಧಿ, ವಿಭಕ್ತಿ, ಛಂದಸ್ಸು, ವಾಕ್ಯರಚನೆ. ‘ಎಲ್ಲ ಪಾಠದಲ್ಲೂ ಇರಬೇಕು’ ಅಂತ ಮೇಲಿನವರು ಅಂದರೆ, ಮಾಡಿದ ನಾಲ್ಕರ ನೋಟ್ಸ್ ತೋರಿಸಿ. ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಕೋಡಿಂಗ್ ಬರುವುದಿಲ್ಲ ಅಂದಿರಿ. ನಿಯಮ ಬರೆಸುವುದು, ಅದು ಸರಿಯೋ ತಪ್ಪೋ ಅಂತ ನೋಡುವುದು ನಿಮ್ಮ ಕೆಲಸ. ಅದು ನಿಮಗೆ ಯಾವ ಕಂಪ್ಯೂಟರ್ ಮೇಷ್ಟ್ರಿಗಿಂತಲೂ ಚೆನ್ನಾಗಿ ಬರುತ್ತದೆ. ನಿಯಮವನ್ನು ಪ್ರೋಗ್ರಾಮ್ ಮಾಡುವುದನ್ನು ಮಕ್ಕಳಿಗೂ ಕಂಪ್ಯೂಟರ್ ಶಿಕ್ಷಕರಿಗೂ ಬಿಡಿ. ಪೈಥಾನ್ 3ರಲ್ಲಿ ಬರೆಯುವುದಾದರೆ ಪದ, ಕೊನೆ, ಉತ್ತರ ಅಂತ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಓದಿದರೆ ನಿಮಗೂ ಅರ್ಥವಾಗುತ್ತದೆ. ಕಂಪ್ಯೂಟರ್ ಕಡಿಮೆ ಇದ್ದರೂ ಪರವಾಗಿಲ್ಲ, ಇಡೀ ಕ್ಲಾಸಿಗೆ ಒಂದು ಸಾಕು. ಪ್ರತಿ ಗುಂಪೂ ತನ್ನ ನಿಯಮವನ್ನು ಬೇರೆ ಗುಂಪಿನ ಮೇಲೆ ಓಡಿಸಿ ನೋಡಿದ ಮೇಲೇ ಕಂಪ್ಯೂಟರಿನ ಹತ್ತಿರ ಬರಲಿ. ಒಂದು ಎಚ್ಚರಿಕೆ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕೊಡಬೇಡಿ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮಕ್ಕಳ ನಿಯಮ ಸರಿಯಾಗಿದ್ದರೂ ಉತ್ತರ ಅಡ್ಡಾದಿಡ್ಡಿ ಬರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ.

ಅಂಕ ಕೊಡುವಾಗ ಓಡುವ ಪ್ರೋಗ್ರಾಮಿಗೆ ಸ್ವಲ್ಪ ಕೊಡಿ, ಅಪವಾದ ಹುಡುಕಿ ತಂದವರಿಗೆ ಜಾಸ್ತಿ ಕೊಡಿ. ‘ನನ್ನ ನಿಯಮ ಇಂಥ ಪದಕ್ಕೆ ಕೆಲಸ ಮಾಡಲ್ಲ, ಯಾಕೆ ಅಂದರೆ…’ ಅಂತ ಎರಡು ಸಾಲು ಬರೆದ ಮಗುವಿಗೆ ಪೂರ್ತಿ ಅಂಕ. ಇಲ್ಲದಿದ್ದರೆ ಎಲ್ಲರೂ ಸುಲಭದ ಪದಗಳನ್ನೇ ಆರಿಸಿಕೊಂಡು ಬರುತ್ತಾರೆ.

ಮೊದಲ ಪೀರಿಯಡ್ಡಿಗೆ ಪದಗಳ ಪಟ್ಟಿ ಕೊಡುತ್ತೇನೆ, ಇದೇ ಅನುಕ್ರಮದಲ್ಲಿ ಒಂದೊಂದಾಗಿ ಕೊಡಿ: ಮಾತು, ಊರು, ಹಾಡು, ಹಸು, ಮಗು, ನಗು, ಕಲ್ಲು, ಹೆಸರು, ಗುರು, ಬಸ್ಸು. ವಾಯು, ವಸ್ತು, ಅದು ಎರಡನೇ ದಿನಕ್ಕೆ ಇರಲಿ. ‘ಹುಳು’ ಮಾತ್ರ ಸದ್ಯಕ್ಕೆ ಬೇಡ. ಹುಳುವನ್ನು, ಹುಳವನ್ನು ಎರಡೂ ಬಳಕೆಯಲ್ಲಿವೆ. ಕ್ಲಾಸ್ ಎರಡು ಪಕ್ಷವಾಗಿ, ಬೆಲ್ ಹೊಡೆದರೂ ಏಳುವುದಿಲ್ಲ.